ಉರಿಯೂತ ಶಮನ ಟೀ ಸೆಲ್, ರಿಪ್ಪನ್‌ಪೇಟೆ

ಮನುಷ್ಯನ ರಕ್ತದಲ್ಲಿ ಕೆಲವು ಕಣಗಳು ಸದಾ ಜಗಳಕ್ಕೆ ನಿಂತಿರುತ್ತವೆ, ಇನ್ನು ಕೆಲವು ಕಣಗಳು ಅವನ್ನು ಸಮಾಧಾನ ಮಾಡುತ್ತಿರುತ್ತವೆ. ಈ ಎರಡನೆಯ ಬಗೆಯ ಕಣವನ್ನು ಕಚೇರಿಯ ಮಟ್ಟದಲ್ಲಿ ಸ್ಥಾಪಿಸಿ, ಬಾಗಿಲಿಗೆ ಬೋರ್ಡು ಹಾಕಿಸಿ, ಸೀಲು ಮಾಡಿಸಿ, ಒಲೆ ಹಚ್ಚಿದ ಕೀರ್ತಿ ನಮಗೆ ಸಲ್ಲತಕ್ಕದ್ದು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಹೆಮ್ಮೆ ಪಡಲು ನಮ್ಮಲ್ಲಿ ಪ್ರಥಮ ದರ್ಜೆ ಗುಮಾಸ್ತರಿದ್ದಾರೆ. ನಾನು ದ್ವಿತೀಯ ದರ್ಜೆ, ಹೆಸರು ವೆಂಕಟ್ರಮಣ.

ನಮ್ಮದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಂಯುಕ್ತ ಅಹವಾಲು ಕಚೇರಿ. ಮೂರೂ ಕಡೆಯವರಿಗೆ ಸಮಾನ ಅನಾನುಕೂಲವಾಗಲೆಂದು ರಿಪ್ಪನ್‌ಪೇಟೆಯಲ್ಲಿ ಇಟ್ಟಿದ್ದರು. ಬೇರೆ ಯಾರೂ ತೆಗೆದುಕೊಳ್ಳದ ದೂರುಗಳನ್ನು ನಾವು ತೆಗೆದುಕೊಂಡು ಸಂಬಂಧಪಟ್ಟವರಿಗೆ ಕಳಿಸಬೇಕು. ಸಂಬಂಧಪಟ್ಟವರು ತಮಗೆ ಸಂಬಂಧವಿಲ್ಲವೆಂದು ವಾಪಸು ಕಳಿಸುತ್ತಾರೆ. ಹೀಗೆ ಕೆಲಸ ಯಾವತ್ತೂ ಕಡಿಮೆಯಾದದ್ದಿಲ್ಲ. ಮುಖ್ಯಸ್ಥರು ವಿಶೇಷಾಧಿಕಾರಿ ಮುಕುಂದಯ್ಯನವರು, ತೀರ್ಥಹಳ್ಳಿ ಕಡೆಯ ದೊಡ್ಡ ಮನೆತನ, ಮೃದು ಮಾತು. ಇಡೀ ಸೇವಾವಧಿಯಲ್ಲಿ ಅವರು ಯಾರಿಗೂ ಇಲ್ಲ ಅಂದವರಲ್ಲ. ಹೌದು ಅಂದವರೂ ಅಲ್ಲ.

ಎಪ್ಪತ್ತೆಂಟನೇ ಇಸವಿಯ ಚಳಿಗಾಲದಲ್ಲಿ ಸಾಗರದಲ್ಲೊಂದು ಆರೋಗ್ಯ ಶಿಬಿರ ನಡೆಯಿತು. ಕಚೇರಿಗೊಬ್ಬರು ಬರಬೇಕೆಂದು ಸುತ್ತೋಲೆ ಇತ್ತು. ಮುಕುಂದಯ್ಯನವರು ಹೋದರು, ಅವರ ಬ್ಯಾಗು ಹಿಡಿಯಲು ನಾನು ಹೋದೆ. ಡಾಕ್ಟರ್ ಮಂಜುನಾಥಪ್ಪ ಎಂಬ ಹೊಸ ವೈದ್ಯರು ಉಪನ್ಯಾಸಕ್ಕೆ ನಿಂತರು. ಆಗಷ್ಟೇ ಓದು ಮುಗಿಸಿ ಬಂದಿದ್ದರು, ಆದ್ದರಿಂದ ಹೇಳಿದ್ದನ್ನೆಲ್ಲ ನಂಬಿಯೇ ಹೇಳುತ್ತಿದ್ದರು.

"ಕಾಲಿಗೆ ಮುಳ್ಳು ಚುಚ್ಚಿದ್ರೆ ಏನಾಗ್ತದೆ? ಆ ಜಾಗ ಕೆಂಪಾಗ್ತದೆ, ಬಿಸಿಯಾಗ್ತದೆ, ಬಾತ್ಕೊಳ್ತದೆ. ಇದಕ್ಕೆ ಉರಿಯೂತ ಅಂತೀವಿ. ದೇಹದ ಕಾವಲಿನವರು ಓಡಿಬಂದು ಕಳ್ಳನನ್ನ ಹಿಡಿಯೋ ಗಲಾಟೆ ಅದು. ಒಳ್ಳೇದೇ. ಆದ್ರೆ ಕಳ್ಳ ಸತ್ತ ಮೇಲೂ ಗಲಾಟೆ ನಿಲ್ಲದೇ ಹೋದ್ರೆ? ಕಾವಲಿನವರು ಮನೆಯವರನ್ನೇ ಬಡಿಯೋಕೆ ಶುರು ಮಾಡ್ತಾರೆ. ಕೀಲು ಬಾತ್ಕೊಳ್ತದೆ, ಎದ್ದು ನಿಲ್ಲೋಕಾಗಲ್ಲ. ಅದಕ್ಕೇ ಇನ್ನೊಂದು ಜಾತಿಯ ಕಣ ಇದೆ. ಅದು ಹೋಗಿ, 'ಸಾಕು, ನಿಲ್ಸಿ' ಅಂತದೆ. ಅದರ ಹೆಸರು ಸಪ್ರೆಸರ್ ಟಿ ಸೆಲ್."

ಮುಕುಂದಯ್ಯನವರು ಕುರ್ಚಿಯಲ್ಲಿ ನೆಟ್ಟಗಾದರು. ಸರ್ಕಾರಿ ಸಭೆಯೊಂದರಲ್ಲಿ ಅವರು ನೆಟ್ಟಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಆದ್ರೆ ಒಂದು ಮಾತು ನೆನಪಿಡಿ," ಎಂದು ಡಾಕ್ಟರು ಬೆರಳೆತ್ತಿದರು. "ಕಳ್ಳ ಇನ್ನೂ ಒಳಗಿರುವಾಗಲೇ ಈ ಕಣಗಳು ಸಾಕು ಅಂದುಬಿಟ್ರೆ..." ಅಷ್ಟರಲ್ಲಿ ಟೀ ಬಂತು. ಸಭೆ ಎದ್ದು ಹೊರಗೆ ಹೋಯಿತು. ಉಳಿದ ವಾಕ್ಯವನ್ನು ಡಾಕ್ಟರು ಖಾಲಿ ಕುರ್ಚಿಗಳಿಗೆ ಹೇಳಿ ಪೂರೈಸಿದರೆಂದು ತಿಳಿದುಬಂದಿದೆ.

ವಾಪಸು ಬರುವ ಬಸ್ಸಿನಲ್ಲಿ ಮುಕುಂದಯ್ಯನವರು ಕಣ್ಣುಮುಚ್ಚಿ ಯೋಚಿಸಿದರು. "ವೆಂಕಟ್ರಮಣ, ನಮ್ಮ ಆಫೀಸಲ್ಲಿ ಇಲ್ಲದ್ದು ಇದೇ ನೋಡು ಮಾರಾಯ. ಬರೋರೆಲ್ಲ ಉರ್ಕೊಂಡೇ ಬರ್ತಾರೆ. ಸಾಕು ಅನ್ನೋಕೆ ಒಬ್ಬರಿಲ್ಲ. ನಮಗೊಂದು ಟೀ ಸೆಲ್ ಬೇಕು."

"ಟೀ ಅಂದ್ರೆ ನಾವು ಕುಡಿಯೋ ಟೀನೇ ಅಲ್ವಾ ಸಾರ್?" ಎಂದೆ. ಆದೇಶ ಬರೆಯುವವನು ನಾನು, ಖಚಿತಪಡಿಸಿಕೊಳ್ಳುವುದು ನನ್ನ ಕರ್ತವ್ಯ.

"ಮತ್ತಿನ್ನೆಂತದು? ನೀನೇ ನೋಡಿದ್ಯಲ್ಲ, ಟೀ ಬಂದ ಕೂಡ್ಲೆ ಇಡೀ ಸಭೆ ಹ್ಯಾಗೆ ತಣ್ಣಗಾಯ್ತು ಅಂತ!"

ಇದಕ್ಕಿಂತ ದೊಡ್ಡ ಪುರಾವೆ ಯಾವ ವಿಜ್ಞಾನದಲ್ಲಿ ಸಿಗುತ್ತದೆ? ಡಾಕ್ಟರು ನಡುವೆ ಥೈಮಸ್ ಎಂದು ಏನೋ ಹೇಳಿದ್ದು ನಿಜ. ಆ ಪದ ಕಚೇರಿಯ ನಿಘಂಟಿನಲ್ಲಿ ಇರಲಿಲ್ಲ. ಟೀ ಇತ್ತು. ಸೆಲ್ ಅಂತೂ ಎಲ್ಲ ಕಚೇರಿಯಲ್ಲೂ ಒಂದಲ್ಲ ಒಂದು ಇದ್ದೇ ಇರುತ್ತದೆ.

ಆದೇಶ ಹೀಗಿತ್ತು: "ಅಹವಾಲುದಾರರಲ್ಲಿ ಕಂಡುಬರುವ ಉರಿಯೂತವನ್ನು ವೈಜ್ಞಾನಿಕವಾಗಿ ನಿಯಂತ್ರಿಸುವ ಸಲುವಾಗಿ ಸದರಿ ಕಚೇರಿಯಲ್ಲಿ ಉರಿಯೂತ ಶಮನ ಟೀ ಸೆಲ್ಲನ್ನು ಈ ಮೂಲಕ ಸ್ಥಾಪಿಸಲಾಗಿದೆ." ನಿಯಮಾವಳಿಯೂ ನನ್ನದೇ. ಅಹವಾಲುದಾರರು ಬರೀ ಗೊಣಗಿದರೆ ಅರ್ಧ ಲೋಟ, ದನಿ ಏರಿಸಿದರೆ ತುಂಬಿದ ಲೋಟ, ಮೇಜು ಗುದ್ದಿದರೆ ಶುಂಠಿ ಹಾಕಿದ್ದು. ಎಂಎಲ್‌ಎಗೆ ಹೇಳ್ತೀನಿ ಎಂದವರಿಗೆ ಜೊತೆಗೆ ಬೋಂಡ. ಟೀ ಕುಡಿದು ಲೋಟ ಕೆಳಗಿಟ್ಟ ಕ್ಷಣವೇ ಅಹವಾಲು ಇತ್ಯರ್ಥವಾದ ಕ್ಷಣವೆಂದು ಪರಿಗಣಿಸಿ ಸೀಲು ಒತ್ತತಕ್ಕದ್ದು. ಸೆಲ್ಲಿನ ಒಳಗೆ ಯಾವ ಅಹವಾಲುದಾರರನ್ನೂ ಏಕವಚನದಲ್ಲಿ ಮಾತಾಡಿಸಕೂಡದು. ಈ ಕೊನೆಯ ನಿಯಮದ ಪರಿಣಾಮ ನಮಗೇ ಆಶ್ಚರ್ಯ ತಂದಿತು. ಹುಟ್ಟಿದಾರಭ್ಯ ಕಚೇರಿಗಳಲ್ಲಿ "ಏನೋ, ಎಂತಕ್ಕೆ ಬಂದ್ಯೋ" ಎಂದೇ ಕೇಳಿಸಿಕೊಂಡವರಿಗೆ "ಬನ್ನಿ, ಕೂತ್ಕಳಿ" ಎಂದರೆ ಬಂದ ಕಾರಣದಲ್ಲಿ ಅರ್ಧ ಅಲ್ಲಿಯೇ ಮರೆತುಹೋಗುತ್ತಿತ್ತು.

ಸೆಲ್ಲಿಗೆ ಜಾಗ ಬೇಕಿತ್ತು. ನಮ್ಮಲ್ಲಿ ತುರ್ತು ಕಾರ್ಯಪಡೆ ಎಂದು ಇಬ್ಬರು ನೌಕರರಿದ್ದರು. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗಿ, ಸತ್ತ ಮಂಗಗಳನ್ನು ಸೀಮೆಎಣ್ಣೆ ಸುರಿದು ಸುಟ್ಟು, ಕಾಯಿಲೆ ಹರಡುವ ಉಣುಗು ಹುಳ ಸಾಯಲೆಂದು ಸುತ್ತ ಪುಡಿ ಹೊಡೆಯುವುದು ಅವರ ಕೆಲಸ. ಅವರ ಕೋಣೆಯನ್ನೇ ಸೆಲ್ಲಿಗೆ ಕೊಟ್ಟೆವು. ಕೋಣೆಯ ಜೊತೆ ಸೀಮೆಎಣ್ಣೆಯ ಪೀಪಾಯಿ ಬಂತು, ಅದು ಟೀ ಸ್ಟೋವಿಗಾಯಿತು. ಎಣ್ಣೆಯಿಲ್ಲದೆ ಕಾಡಿಗೆ ಹೋಗಿ ಮಾಡುವುದೇನು ಎಂದು ಅವರಿಬ್ಬರೂ ಲೋಟ ತೊಳೆಯುವ ಕೆಲಸಕ್ಕೆ ತಾವಾಗಿಯೇ ಒಪ್ಪಿದರು. ಬಾಗಿಲಿಗೆ ಬಂದ ದೂರುಗಳು ಒಳಗಿನ ಮೇಜಿಗೆ ತಲುಪುವುದು ನಿಂತೇಹೋಯಿತು. ಮೇಲಿನ ಕಚೇರಿಯಿಂದ ಪ್ರಶಂಸಾಪತ್ರ ಬಂತು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಕೆರಿಯಮ್ಮ ಬಂದರು.

ಹೊಸನಗರ ಕಡೆಯ ಕಲ್ಲುಗುಡ್ಡೆ ಎಂಬ ಕೇರಿಯ ಹೆಂಗಸು. ಬೆಳಿಗ್ಗೆ ಹೊರಟು ನಡೆದು, ಬಸ್ಸು ಹಿಡಿದು, ಕಚೇರಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ಮುಕುಂದಯ್ಯನವರೇ ಎದುರುಗೊಂಡರು.

"ಬನ್ನಿ ಅಮ್ಮ, ಕೂತ್ಕಳಿ. ಟೀ ತಗಳಿ."

"ಚಾ ಬ್ಯಾಡ ಅಯ್ಯಾ. ನಮ್ಮ ಕೇರಿ ಹಿಂದಿನ ಕಾನುಕಾಡಿನಾಗೆ ಮಂಗ ಸತ್ತು ಬಿದ್ದಾವೆ. ನಮ್ಮನೆಯೋರು ಬೆಳ್ಳಪ್ಪ ಜ್ವರ ಬಂದು ಮಲಗ್ಯಾರೆ, ಮೂಗಿನಾಗೆ ರಕ್ತ ಬತ್ತದೆ. ನನ್ನ ಮಗಳು ಪುಷ್ಪ ದಿನಾ ಅದೇ ಕಾನಿಗೆ ದರಗೆಲೆ ಗುಡಿಸಾಕೆ ಹೋಗ್ತಾಳೆ, ಒಡೇರ ಕೊಟ್ಟಿಗೆಗೆ ಹಾಸಾಕೆ. ಬ್ಯಾಡ ಅಂದ್ರೆ ಕೂಲಿ ಇಲ್ಲ. ನಾಳೆ ಅವಳಿಗೂ ಬಂದ್ರೆ ನಾನು ಎಂತ ಮಾಡ್ಲಿ? ಪುಡಿ ಹೊಡ್ಸಿ ಅಯ್ಯಾ. ಪುಡಿ ಬೇಕು."

"ಪುಡಿ ಬೇಕಂತೆ, ಬರ್ಕೋ ವೆಂಕಟ್ರಮಣ," ಎಂದರು ಮುಕುಂದಯ್ಯನವರು. ನಾನು ಬರೆದೆ: "ಪುಡಿ, ತುರ್ತು." ಲೋಟ ಮುಂದಿಟ್ಟೆವು. ಕೆರಿಯಮ್ಮ ಮುಟ್ಟಲಿಲ್ಲ. ಟೀ ಆರಿ ಕೆನೆ ಕಟ್ಟಿತು. ಅವರು ಎದ್ದು ಹೋದರು. ಸೆಲ್ಲಿನ ಇತಿಹಾಸದಲ್ಲಿ ಕುಡಿಯದೆ ಹೋದ ಮೊದಲನೆಯ ವ್ಯಕ್ತಿ. ನನಗೆ ಕೆಟ್ಟ ಸಿಟ್ಟು ಬಂತು. ನೀರು ಬೆರೆಸದ ಹಾಲು ಹಾಕಿ ಮಾಡಿದ ಟೀ ಅದು!

ನಮ್ಮ ಬೇಡಿಕೆಯನ್ನು ಮೇಲಿನ ಉಗ್ರಾಣದವರು ಕೂಡಲೇ ಮನ್ನಿಸಿದರು. ಟೀ ಸೆಲ್ಲಿನಿಂದ ಪುಡಿ ಬೇಕೆಂದು ಬಂದರೆ ಯಾವ ಪುಡಿ ಎಂದು ಕೇಳುವಷ್ಟು ದಡ್ಡರಲ್ಲ ಅವರು. ಮೂಟೆ ಬಂತು, ಬಿಚ್ಚಿದೆವು, ಘಮ್ಮೆಂದಿತು. ಒಳ್ಳೇ ಟೀಪುಡಿ.

ಕೆರಿಯಮ್ಮ ಮತ್ತೆ ಬಂದರು. ಈ ಸಲ ಕೈಯಲ್ಲಿ ಬಳೆ ಇರಲಿಲ್ಲ. ಬೆಳ್ಳಪ್ಪ ತೀರಿಕೊಂಡಿದ್ದರು. ಆದಾಗ್ಯೂ ಅಹವಾಲುದಾರರು ತಮ್ಮ ಮೂಲ ಬೇಡಿಕೆಯಲ್ಲಿ ಯಾವುದೇ ತಿದ್ದುಪಡಿ ಕೋರಲಿಲ್ಲ.

"ಅವರು ಹೋದ್ರು. ಹುಡುಗಿ ಇದ್ದಾಳೆ. ಪುಡಿ ಬಂತಾ?"

"ಪುಡಿ ಬಂದಿದೆ," ಎಂದೆ ನಾನು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಗಂಡ ತೀರಿಕೊಂಡವರಿಗೆ ಎಷ್ಟು ಲೋಟವೆಂದು ನಿಯಮಾವಳಿಯಲ್ಲಿ ಇರಲಿಲ್ಲ. ಒಳಗೆ ತುರ್ತುಸಭೆ ಸೇರಿ ಶುಂಠಿ, ಏಲಕ್ಕಿ ಎರಡೂ ಹಾಕಬಹುದೆಂದು ತೀರ್ಮಾನಿಸಿದೆವು. ಮುಕುಂದಯ್ಯನವರು ಸ್ವತಃ ಲೋಟ ತಂದು ಅವರ ಎರಡೂ ಕೈಯೊಳಗಿಟ್ಟರು. ಕೆರಿಯಮ್ಮ ಲೋಟವನ್ನು ನೋಡಿದರು, ಅಯ್ಯನ ಮುಖ ನೋಡಿದರು, ಎದ್ದು ಕಿಟಕಿಯ ಬಳಿ ಹೋಗಿ ಹೊರಗೆ ಚೆಲ್ಲಿಬಿಟ್ಟರು.

"ನನ್ನ ಉರಿ ನಂಗಿರ್ಲಿ," ಎಂದರು.

ಟೀಗೂ ಬಗ್ಗದ ಉರಿಯೂತ! ಹೀಗೆ ಒಬ್ಬೊಬ್ಬರೂ ತಮ್ಮ ಉರಿಯನ್ನು ತಾವೇ ಇಟ್ಟುಕೊಳ್ಳುತ್ತ ಹೋದರೆ ಆಡಳಿತ ನಡೆಯುವುದು ಹೇಗೆ? ತಜ್ಞರ ಅಭಿಪ್ರಾಯ ಪಡೆಯಲು ಡಾಕ್ಟರ್ ಮಂಜುನಾಥಪ್ಪನವರನ್ನು ಕರೆಸಿದೆವು.

ಡಾಕ್ಟರು ಸಾಗರದಿಂದ ಮೊದಲ ಬಸ್ಸಿಗೇ ಬಂದರು. ಬೋರ್ಡು ಓದಿದರು. ಇನ್ನೊಮ್ಮೆ ಓದಿದರು. ಒಳಗೆ ಬಂದು, "ಏನ್ರೀ ಇದು! ಟಿ ಅಂದ್ರೆ ಚಹಾ ಅಲ್ರೀ! ಎದೆಗೂಡಿನಾಗೆ ಥೈಮಸ್ ಅಂತ ಒಂದು ಗ್ರಂಥಿ ಇದೆ, ಅದರ ಮೊದಲ ಅಕ್ಷರ ಅದು!" ಎಂದು ಕೂಗಿದರು.

"ದನಿ ಏರಿಸಿದ್ದಾರೆ," ಎಂದೆ. ತುಂಬಿದ ಲೋಟ ಬಂತು.

"ಅಲ್ಲಿ ಮಂಗ ಸಾಯ್ತಾ ಇವೆ, ಜನ ಸಾಯ್ತಾ ಇದ್ದಾರೆ! ಕಳ್ಳ ಒಳಗೇ ಇದ್ದಾನೆ, ನೀವು ಕಾವಲಿನವರನ್ನ ಕೂರ್ಸಿ ಲೋಟ ತೊಳೆಸ್ತಾ ಇದ್ದೀರಿ! ಇಂಥಾ ದೇಹಕ್ಕೆ ಏನಾಗ್ತದೆ ಗೊತ್ತಾ? ಗಡ್ಡೆ ಬೆಳೀತದೆ ಗಡ್ಡೆ, ಯಾರೂ ಕೇಳೋರಿರಲ್ಲ!" ಎಂದು ಮೇಜು ಗುದ್ದಿದರು. ಶುಂಠಿ ಟೀ ಬಂತು. ಎಂಎಲ್‌ಎಗೆ ಹೇಳ್ತೀನಿ ಎಂದರು. ಬೋಂಡ ಬಂತು.

ಪಾಪ, ಮನುಷ್ಯ ತಿಂಡಿ ತಿನ್ನದೆ ಬಸ್ಸು ಹತ್ತಿದ್ದರು. ಒಂದು ಬೋಂಡ ಬಾಯಿಗಿಟ್ಟರು. ಇನ್ನೊಂದು ತೆಗೆದುಕೊಂಡರು. ಲೋಟ ಖಾಲಿಯಾಗುವ ಹೊತ್ತಿಗೆ ದನಿ ಇಳಿದಿತ್ತು. ಸೆಲ್ಲಿನ ಕಾರ್ಯವಿಧಾನವನ್ನು ಅವರಿಗೆ ವಿವರಿಸಿದೆವು: ನಾವು ಹೊಡೆದಾಡುವವರನ್ನು ಹೊಡೆಯುವುದಿಲ್ಲ, ಅವರ ಸೀಮೆಎಣ್ಣೆಯನ್ನು ನಾವು ಬಳಸುತ್ತೇವೆ ಅಷ್ಟೇ. ಸುದ್ದಿ ತರುವವರ ಹೆಗಲ ಮೇಲೆ ಕೈ ಹಾಕುತ್ತೇವೆ, ಅವರಿಗೆ ಸುದ್ದಿ ಮರೆಯುತ್ತದೆ. ಡಾಕ್ಟರು ಬೋಂಡ ಅಗಿಯುವುದನ್ನು ನಿಲ್ಲಿಸಿದರು.

"ಈ ಕಣಗಳು ಹ್ಯಾಗೆ ಕೆಲಸ ಮಾಡ್ತಾವೆ ಅಂತ ದೊಡ್ಡ ದೊಡ್ಡ ವಿಜ್ಞಾನಿಗಳಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ," ಎಂದರು ನಿಧಾನಕ್ಕೆ. "ನಿಮಗೆ ಯಾರು ಹೇಳ್ಕೊಟ್ರು?"

"ಅನುಭವ," ಎಂದರು ಮುಕುಂದಯ್ಯನವರು ವಿನಯದಿಂದ. "ಆದರೂ ಡಾಕ್ಟ್ರೇ, ಒಂದು ಹೆಂಗಸು ಟೀನೇ ಕುಡೀತಿಲ್ಲ. ಎಂತ ಮಾಡೋದು?"

ಡಾಕ್ಟರು ಆ ಹೊತ್ತಿಗೆ ಪೂರ್ತಿ ತಣ್ಣಗಾಗಿದ್ದರು. "ಹೊಡೆದಾಡೋ ಜಾತಿಯ ಕಣಗಳೇ ಕೆಲವು ಸಲ ಬದಲಾಗಿ ಸಾಕು ಅನ್ನೋ ಕಣ ಆಗ್ಬಹುದೇನೋ ಅಂತ ಒಂದು ಅನುಮಾನ ಇದೆ," ಎಂದು ಹೇಳಿ ಲೋಟ ಕೆಳಗಿಟ್ಟರು. ನಾನು ಸೀಲು ಒತ್ತಿದೆ. ತಜ್ಞರ ಅಹವಾಲೂ ಇತ್ಯರ್ಥವಾಯಿತು.

ಮುಕುಂದಯ್ಯನವರ ಮುಖ ಅರಳಿತು. ಮಾರನೆಯ ದಿನವೇ ಆದೇಶ ಹೊರಟಿತು. "ಸದರಿ ಕಚೇರಿಯ ಅಹವಾಲು ಬಾಕಿಯಿರುವಾಗ ಮೃತರಾದ ಬೆಳ್ಳಪ್ಪನವರ ಪತ್ನಿ ಕೆರಿಯಮ್ಮನವರನ್ನು ಅನುಕಂಪದ ಆಧಾರದ ಮೇಲೆ ಟೀ ಸೆಲ್ಲಿನ ಟೀ ಕಾಯಿಸುವ ಹುದ್ದೆಗೆ ನೇಮಿಸಲಾಗಿದೆ." ಸರ್ಕಾರಿ ನೌಕರರು ಸತ್ತರೆ ಮಾತ್ರ ಅನುಕಂಪ ಸಿಗುವುದು ರೂಢಿ. ಸರ್ಕಾರವನ್ನು ಕಾಯುತ್ತ ಸತ್ತವರಿಗೂ ಅದನ್ನು ವಿಸ್ತರಿಸಿದ್ದು ನಮ್ಮ ಕಚೇರಿ.

ಕೆರಿಯಮ್ಮ ಆದೇಶವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಓದು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ.

"ಈ ಕೆಲ್ಸ ತಗಂಡ್ರೆ ಪುಷ್ಪ ಕಾನಿಗೆ ಹೋಗೂದು ತಪ್ತದಾ?"

"ತಪ್ತದೆ. ಮನೆ ನಿಮ್ಮ ಸಂಬಳದಾಗೆ ನಡೀತದಲ್ಲ."

"ಕೇರಿಯೋರು? ಅವರ ಮಕ್ಕಳು? ಪುಡಿ ಹೊಡೆಸ್ತ್ರಾ?"

"ಪುಡಿ ಬರ್ತದೆ ಅಮ್ಮ, ಬರ್ತದೆ," ಎಂದರು ಮುಕುಂದಯ್ಯನವರು, ಅಷ್ಟು ಮೃದುವಾಗಿ ಅಂದರೆ ನನಗೇ ನಂಬಿಕೆ ಬಂತು. ಕೆರಿಯಮ್ಮ ಹೆಬ್ಬೆಟ್ಟು ಒತ್ತಿದರು.

ಪುಡಿ ಬರಲಿಲ್ಲ ಎಂದು ಹೇಳುವವರ ಬಾಯಿಗೆ ಹುಳ ಬೀಳಲಿ. ಬಂತು. ಡಾಕ್ಟರು ಸಾಗರಕ್ಕೆ ಹಿಂತಿರುಗಿ ಹಸಿವಾದ ಮೇಲೆ ಮತ್ತೆ ಸಿಟ್ಟು ಬಂದು ಎಲ್ಲಿಗೋ ಬರೆದಿದ್ದರಂತೆ, ಅಸಲು ಉಣುಗಿನ ಪುಡಿಯೇ ಬಂತು, ಘಾಟು ಮೂಗಿಗೆ ಬಡಿಯುವಂಥದ್ದು. ಆದರೆ ಕಾಡಿಗೆ ಹೋಗಬೇಕಾದ ಇಬ್ಬರೂ ಲೋಟ ತೊಳೆಯುವುದರಲ್ಲಿ ಖಾಯಂ ಆಗಿದ್ದರು. ಇತ್ತ ಸೆಲ್ಲಿನ ಸಕ್ಕರೆ ಮೂಟೆಗೆ ಇರುವೆ ಮುತ್ತಿ ಕಚೇರಿಯ ಮಾನ ಹೋಗುವ ಪರಿಸ್ಥಿತಿ. ಸಾರ್ವಜನಿಕ ಹಿತದೃಷ್ಟಿಯಿಂದ ಪುಡಿಯನ್ನು ಸಕ್ಕರೆ ಮೂಟೆಯ ಸುತ್ತ ಹಾಕಿಸಲಾಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಟೀ ಸೆಲ್ಲಿನಲ್ಲಿ ಒಬ್ಬನೇ ಒಬ್ಬ ನೌಕರನಿಗೆ ಉಣುಗು ಕಚ್ಚಿದ ವರದಿಯಿಲ್ಲ.

"ಅಯ್ಯಾ, ಅದು ನಮ್ಮ ಕಾನಿಂದು," ಎಂದರು ಕೆರಿಯಮ್ಮ.

"ಒಂದು ಮುಷ್ಟಿ ತಗಂಡು ಹೋಗಿ, ಯಾರು ಬ್ಯಾಡ ಅಂದ್ರು?"

ಅವರು ಸಂಜೆ ಹೋಗುವಾಗ ಒಂದು ಮುಷ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಮನೆಯ ಹೊಸಿಲಿನ ಹೊರಗೆ ರಂಗೋಲಿಯ ಹಾಗೆ ಎಳೆದರಂತೆ. ನಮ್ಮ ಆಕ್ಷೇಪಣೆ ಇರಲಿಲ್ಲ.

ವರ್ಷಗಳು ಸಂದವು. ಕೆರಿಯಮ್ಮನ ಟೀ ಮೂರೂ ತಾಲ್ಲೂಕಿಗೆ ಹೆಸರಾಯಿತು. ಮಂಡಗದ್ದೆಯವರು ಹಕ್ಕಿ ನೋಡಲು ಬರುವ ಅಧಿಕಾರಿಗಳ ಕಾಟದ ಬಗ್ಗೆ ದೂರಲು ಬಂದು ಟೀ ಕುಡಿದು ಹೋದರು. ಸಿಗಂದೂರಿನ ಲಾಂಚಿಗಾಗಿ ಹಿನ್ನೀರಿನ ದಡದಲ್ಲಿ ಕಾದು ಸುಟ್ಟುಹೋದವರು ಬಂದು ಎರಡೆರಡು ಲೋಟ ಕುಡಿದು ಹೋದರು. ಮಗಳು ಪುಷ್ಪಳ ಮದುವೆಯಾಯಿತು. ಕಾನಿನಲ್ಲಿ ಮಂಗಗಳು ತಮ್ಮ ಪಾಡಿಗೆ ತಾವು ಸಾಯುತ್ತಿದ್ದವು.

ಎಂಬತ್ತರ ದಶಕದ ನಡುವೆ ಒಂದೇ ಒಂದು ಆಘಾತ ಆಯಿತು. ಡಾಕ್ಟರ್ ಮಂಜುನಾಥಪ್ಪನವರು ಮತ್ತೆ ಬಂದರು, ಕಿವಿಯ ಬಳಿ ಆಗಲೇ ನರೆ ಇಣುಕಿತ್ತು. "ಮುಕುಂದಯ್ಯನವ್ರೇ, ನಾನು ಅವತ್ತು ಹೇಳಿದ್ದೇ ತಪ್ಪಿರಬಹುದು. ಹೊರದೇಶದಾಗೆ ಪರೀಕ್ಷೆ ಮಾಡಿ ನೋಡಿದ್ರಂತೆ, ಆ ಸಪ್ರೆಸರ್ ಕಣಕ್ಕೆ ಗುರುತು ಅಂತ ಹೇಳ್ತಿದ್ದದ್ದು ಅಲ್ಲಿ ಇಲ್ಲವೇ ಇಲ್ವಂತೆ. ಅಂಥಾ ಕಣವೇ ಇಲ್ಲ ಅಂತಿದ್ದಾರೆ ಈಗ. ನಾಳೆ ಬೇರೆ ಹೆಸರಲ್ಲಿ ಮತ್ತೆ ಸಿಕ್ರೂ ಸಿಗಬಹುದು, ಸದ್ಯಕ್ಕಂತೂ ಇಲ್ಲ. ದಯವಿಟ್ಟು ಇದನ್ನ ಮುಚ್ಚಿ."

ನಾನು ಸೀಲನ್ನು ಮೇಜಿನ ಒಳಗೆ ಸೇರಿಸಿದೆ. ಮುಕುಂದಯ್ಯನವರು ಮಾತ್ರ ಅಲ್ಲಾಡಲಿಲ್ಲ. ಬೋಂಡ ತರಿಸಿದರು, ಯೋಚಿಸಿದರು, ನಿವೃತ್ತಿಗೆ ಮುನ್ನ ತಮ್ಮ ಕೊನೆಯ ಆದೇಶವನ್ನು ಹೇಳಿ ಬರೆಸಿದರು. "ಸದರಿ ಸೆಲ್ ಅಸ್ತಿತ್ವದಲ್ಲಿಯೇ ಇಲ್ಲವೆಂದು ವಿಜ್ಞಾನವು ಸಂಶಯ ವ್ಯಕ್ತಪಡಿಸಿರುವುದರಿಂದ, ಇಲ್ಲದ ಸೆಲ್ಲನ್ನು ಮುಚ್ಚಲು ಅವಕಾಶವಿರುವುದಿಲ್ಲ. ಹಾಗೆಯೇ ಇಲ್ಲದ ಸೆಲ್ಲಿನ ವಿರುದ್ಧ ಯಾವುದೇ ದೂರನ್ನು ಸ್ವೀಕರಿಸತಕ್ಕದ್ದಲ್ಲ." ಡಾಕ್ಟರು ಓದಿದರು, ನಕ್ಕರೋ ಅತ್ತರೋ ಗೊತ್ತಾಗಲಿಲ್ಲ, ಟೀ ಚೆನ್ನಾಗಿದೆ ಎಂದರು.

ಮೊನ್ನೆ ಬೇಸಗೆಯಲ್ಲಿ ಜಟ್ಟಿಂಗಪ್ಪ ಎಂಬಾತ ಬಾಗಿಲು ತಳ್ಳಿಕೊಂಡು ಬಂದ. ಕಲ್ಲುಗುಡ್ಡೆಯವನೇ, ಕೆರಿಯಮ್ಮನ ಹಿಂಬದಿಯ ಮನೆಯವನು. ಕಣ್ಣು ಕೆಂಪಗಿತ್ತು, ಉಸಿರು ಹತ್ತಿತ್ತು.

"ಅಕ್ಕಾ, ಮತ್ತೆ ಮಂಗ ಬಿದ್ದಾವೆ! ನನ್ನ ಮಗಂಗೆ ಜ್ವರ, ಮೂಗಿನಾಗೆ ರಕ್ತ!"

ಕೆರಿಯಮ್ಮ ಸೌಟು ಹಿಡಿದು ನಿಂತುಬಿಟ್ಟರು. "ಎಲ್ಲಿ? ಹಳೇ ಜಾಗದಾಗೇನಾ?"

"ಅಲ್ಲೇ ಅಕ್ಕಾ, ಅಲ್ಲೇ. ಯಾರಿಗಾದ್ರೂ ಹೇಳಕ್ಕಾ. ನೀನೇ ಇದ್ದೀಯಲ್ಲ ಇಲ್ಲಿ! ಪುಡಿ ಬೇಕು!"

ಕೆರಿಯಮ್ಮ ನನ್ನ ಕಡೆ ನೋಡಿದರು. ನಾನು ನಿಯಮಾವಳಿಯ ಕಡೆ ನೋಡಿದೆ. ಸ್ಟೋವು ಬುಸುಗುಡುತ್ತಿತ್ತು. ಅವರು ಲೋಟ ತೊಳೆದು, ಸಕ್ಕರೆ ಹಾಕಿದರು, ಇನ್ನೊಂದು ಚಮಚ ಹಾಕಿದರು, ಮತ್ತೂ ಒಂದು ಹಾಕಿದರು. ನಿಗದಿಗಿಂತ ಹೆಚ್ಚಾಯಿತು, ಆದರೆ ಸೇವಾ ಹಿರಿತನ ನೋಡಿ ನಾನು ಸುಮ್ಮನಿದ್ದೆ.

"ಪುಡಿ ಹಾಕೀನಿ," ಎಂದರು ಕೆರಿಯಮ್ಮ. "ಬಿಸಿ ಐತೆ. ಕುಡೀರಿ."

ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಅಕ್ಕನ ಬಾಯಲ್ಲಿ ಬಹುವಚನ ಕೇಳಿ ಜಟ್ಟಿಂಗಪ್ಪ ಗಾಬರಿಯಾಗಿ ಕೂತ. ಕೈಗೆ ಬಂದ ಲೋಟವನ್ನು ಏನು ಮಾಡುವುದೆಂದು ತಿಳಿಯದೆ ಒಂದು ಗುಟುಕು ಕುಡಿದ. ಆಮೇಲೆ ಇನ್ನೊಂದು. ಹೆಗಲು ಇಳಿಯಿತು.

"ಸಾಕಾ?" ಎಂದರು ಕೆರಿಯಮ್ಮ, ಅವನ ಮುಖ ನೋಡದೆ.

"ಸಾಕು," ಎಂದು ಜಟ್ಟಿಂಗಪ್ಪ ಲೋಟ ಕೆಳಗಿಟ್ಟ.

ನಾನು ಸೀಲು ಒತ್ತಿದೆ.